ದಾಳದಲ್ಲಿ ಯುದ್ಧ, ಚೀಟಿಯಲ್ಲಿ ಊಟ

1914ನೇ ಇಸವಿ. ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿ ಒಂದು ಮನೆ. ತಂದೆ ಬಡಗಿ, ತಾಯಿಗೆ ಮನೆಗೆಲಸ, ಮೂವರು ಮಕ್ಕಳು. ಹಿರಿಯ ಮಗನಿಗೆ ಆಗಷ್ಟೇ ಹತ್ತೊಂಬತ್ತು ತುಂಬಿದೆ. ಯುದ್ಧ ಶುರುವಾಗಿದೆ, ಅವನು ಹೋಗಲೇಬೇಕು. ಮರಳಿ ಬರುತ್ತಾನೆಯೇ ಎಂಬುದನ್ನು ತೀರ್ಮಾನಿಸಲು ದಾಳವೊಂದು ಉರುಳುತ್ತದೆ. ಒಂದು ಬಿದ್ದರೆ ಸಾವು, ಮಿಕ್ಕ ಯಾವ ಅಂಕಿ ಬಿದ್ದರೂ ಬದುಕು.

ಈ ಮನೆ ಇರುವುದು ಕಂಪ್ಯೂಟರ್ ಪರದೆಯ ಮೇಲೆ. ಆಟದ ಹೆಸರು ‘ದಿ ಸಿಮ್ಸ್’. ಅಮೆರಿಕದ ವಿಲ್ ರೈಟ್ ರೂಪಿಸಿದ ಈ ಆಟ 2000ನೇ ಇಸವಿಯ ಫೆಬ್ರುವರಿಯಲ್ಲಿ ಮಾರುಕಟ್ಟೆಗೆ ಬಂತು. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಎದ್ದ ಭಾರೀ ಬೆಂಕಿಗೆ ರೈಟ್ ಅವರ ಮನೆ ಆಹುತಿಯಾಗಿತ್ತು. ಮತ್ತೆ ಸಂಸಾರ ಹೂಡುವಾಗ, ಒಂದು ಮನೆಗೆ ನಿಜಕ್ಕೂ ಏನೇನು ಬೇಕು ಎಂದು ಅವರು ಯೋಚಿಸತೊಡಗಿದ್ದೇ ಈ ಆಟಕ್ಕೆ ಬೀಜವಾಯಿತು. ಇದರಲ್ಲಿ ಸೋಲು ಗೆಲುವು ಎಂಬುದಿಲ್ಲ. ಮನೆ ಕಟ್ಟಬೇಕು, ಅಡುಗೆ ಮಾಡಿಸಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು, ತಿಂಗಳ ಖರ್ಚು ತೂಗಿಸಬೇಕು. ಮಕ್ಕಳು ಬೊಂಬೆಗಳನ್ನಿಟ್ಟುಕೊಂಡು ಆಡುವ ಮನೆಯಾಟದ ಕಂಪ್ಯೂಟರ್ ರೂಪ ಇದು ಎನ್ನಬಹುದು.

ಈ ಆಟದಲ್ಲಿ ಯುದ್ಧವಿಲ್ಲ. ಯುದ್ಧವನ್ನು ಅದರೊಳಗೆ ತಂದವರು ಆಟಗಾರರೇ. ಒಂದು ಕುಟುಂಬವನ್ನು ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಆರಂಭಿಸಿ, ತಲೆಮಾರಿನಿಂದ ತಲೆಮಾರಿಗೆ, ದಶಕದಿಂದ ದಶಕಕ್ಕೆ ನಡೆಸಿಕೊಂಡು ಬರುವ ‘ದಶಕಗಳ ಸವಾಲು’ ಎಂಬ ಪಂಥವನ್ನು ಅವರು ಹುಟ್ಟುಹಾಕಿದರು. ವಿದ್ಯುತ್ ಯಾವಾಗ ಬರಬೇಕು, ಹೆಂಗಸರು ಯಾವಾಗ ಕೆಲಸಕ್ಕೆ ಹೋಗಬಹುದು ಎಂಬುದಕ್ಕೆಲ್ಲ ನಿಯಮಗಳು ಕಾಗದದ ಮೇಲೆ ಸಿದ್ಧವಾದವು. ಎರಡು ಮಹಾಯುದ್ಧಗಳ ಕಾಲಕ್ಕೆ ಬಂದಾಗ ನಿಯಮಗಳು ಬಿಗಿಯಾಗುತ್ತವೆ. ವಯಸ್ಸಿಗೆ ಬಂದ ಗಂಡಸರು ಮನೆ ಬಿಡಬೇಕು. ಅವರ ಸಾವು ಬದುಕನ್ನು ಕೆಲವರು ದಾಳ ಉರುಳಿಸಿ, ಕೆಲವರು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆ. ಮನೆಯಲ್ಲಿ ಉಳಿದವರಿಗೆ ಊಟ ಬಟ್ಟೆಗಳಲ್ಲಿ ಕಡಿತ.

ಮಹಾಭಾರತದಲ್ಲಿ ದಾಳ ಉರುಳಿದ ಮೇಲೆ ಯುದ್ಧ ಬಂತು. ಇಲ್ಲಿ ಯುದ್ಧ ಬಂದ ಮೇಲೆ ದಾಳ ಉರುಳುತ್ತದೆ. ಲಕ್ಷಾಂತರ ಮಂದಿ ಸತ್ತ ಯುದ್ಧವನ್ನು ಹೀಗೆ ಆಟವಾಗಿಸುವುದು ಸರಿಯೇ ಎಂದು ಕೇಳುವವರೂ ಇದ್ದಾರೆ. ಆದರೆ ಇತಿಹಾಸದ ಪುಟ ತಿರುವಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಯಾರು ಹೋಗಬೇಕು, ಯಾರು ಎಷ್ಟು ತಿನ್ನಬೇಕು ಎಂಬುದನ್ನು ಸರ್ಕಾರಗಳೂ ಹೀಗೆಯೇ ಅಂಕಿ, ಚೀಟಿ, ಪಟ್ಟಿಗಳಲ್ಲಿ ನಿರ್ಧರಿಸಿದ್ದವು. ಕೆಲವೊಮ್ಮೆ ಅಕ್ಷರಶಃ ಚೀಟಿ ಎತ್ತಿಯೇ ನಿರ್ಧರಿಸಿದ್ದವು.

ಆರರಲ್ಲಿ ಒಬ್ಬ

ಮೊದಲು ದಾಳದ ಲೆಕ್ಕ. ಆರು ಮುಖದ ದಾಳದಲ್ಲಿ ಸಾವಿನ ಸಂಭವ ಆರರಲ್ಲಿ ಒಂದು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನಿಂದ ಸೇನೆ ಸೇರಿದವರು ಸುಮಾರು 60 ಲಕ್ಷ. ಸತ್ತವರು 7 ಲಕ್ಷಕ್ಕೂ ಹೆಚ್ಚು. ಅಂದರೆ ಸುಮಾರು ಎಂಟರಲ್ಲಿ ಒಬ್ಬ. ಫ್ರಾನ್ಸಿನಲ್ಲಿ ಸುಮಾರು ಆರರಲ್ಲಿ ಒಬ್ಬ. ಆಟದ ದಾಳ ಇಂಗ್ಲೆಂಡಿನ ಸಾಮಾನ್ಯ ಸೈನಿಕನಿಗೆ ಕೊಂಚ ಕಠಿಣವಾಯಿತು, ಫ್ರೆಂಚ್ ರೈತನ ಮಗನಿಗೆ ಸರಿಹೊಂದಿತು.

ಬ್ರಿಟಿಷ್ ಸೇನೆಯ ಅಧಿಕಾರಿಗಳಿಗೂ ಈ ದಾಳವೇ ಸರಿ. ಅವರಲ್ಲಿ ಸತ್ತವರು ಶೇಕಡಾ 17ರಷ್ಟು. ಸಾಮಾನ್ಯ ಸೈನಿಕರಲ್ಲಿ ಶೇಕಡಾ 12ರಷ್ಟು. ಕಂದಕದಿಂದ ಮೊದಲು ಮೇಲೆ ಹತ್ತಿ ಮುಂದೆ ನಡೆಯಬೇಕಾದವರು ಕಿರಿಯ ಅಧಿಕಾರಿಗಳೇ ಆಗಿದ್ದರು. ಉಳ್ಳವರ ಮಕ್ಕಳು ಹಿಂದೆ ಉಳಿದು ಬಡವರ ಮಕ್ಕಳನ್ನು ಮುಂದೆ ನೂಕಿದರು ಎಂಬ ಮಾತು ಈ ಯುದ್ಧದ ಮಟ್ಟಿಗೆ ನಿಲ್ಲುವುದಿಲ್ಲ.

ಎರಡನೇ ಮಹಾಯುದ್ಧಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಬ್ರಿಟನ್ನಿನ ಸುಮಾರು 59 ಲಕ್ಷ ಸೈನಿಕರಲ್ಲಿ ಸತ್ತವರು 3 ಲಕ್ಷ 80 ಸಾವಿರದಷ್ಟು. ಹದಿನೈದರಲ್ಲಿ ಒಬ್ಬನೆಂದು ಹೇಳಬಹುದು. ಆದರೆ ಈ ಸರಾಸರಿ ಎಲ್ಲರಿಗೂ ಸಲ್ಲುವುದಿಲ್ಲ. ರಾತ್ರಿ ಹೊತ್ತು ಜರ್ಮನಿಯ ಮೇಲೆ ಹಾರಿ ಬಾಂಬ್ ಹಾಕುತ್ತಿದ್ದ ‘ಬಾಂಬರ್ ಕಮಾಂಡ್’ ಪಡೆಯ ಸುಮಾರು 1 ಲಕ್ಷ 25 ಸಾವಿರ ವೈಮಾನಿಕರಲ್ಲಿ 55 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಗೆ ದಾಳ ಸಾಲದು, ನಾಣ್ಯವನ್ನೇ ಚಿಮ್ಮಬೇಕು. ಒಂದೇ ಯುದ್ಧದಲ್ಲಿ, ಒಂದೇ ಊರಿನ ಇಬ್ಬರು ಹುಡುಗರಲ್ಲಿ ಒಬ್ಬನ ಕೈಗೆ ದಾಳ, ಇನ್ನೊಬ್ಬನ ಕೈಗೆ ನಾಣ್ಯ ಸಿಕ್ಕಿತ್ತು.

ಒಂದೇ ಬೀದಿಯ ಹುಡುಗರು

ಆಟದ ನಿಯಮದಲ್ಲಿ ಒಂದು ದೊಡ್ಡ ಕೊರತೆಯಿದೆ. ಅದು ಪ್ರತಿಯೊಬ್ಬ ಗಂಡಸಿಗೂ ಬೇರೆ ಬೇರೆಯಾಗಿ ದಾಳ ಉರುಳಿಸುತ್ತದೆ. ಅಣ್ಣನ ದಾಳಕ್ಕೂ ತಮ್ಮನ ದಾಳಕ್ಕೂ ಸಂಬಂಧವಿಲ್ಲ. 1914ರ ಇಂಗ್ಲೆಂಡಿನಲ್ಲಿ ನಡೆದದ್ದು ಹೀಗಲ್ಲ.

ಆ ವರ್ಷ ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆ ಇರಲೇ ಇಲ್ಲ. ಅದು ಕಾನೂನಾಗಿ ಬಂದದ್ದು 1916ರ ಜನವರಿಯಲ್ಲಿ. ಮೊದಲಿಗೆ 18ರಿಂದ 41 ವಯಸ್ಸಿನ ಅವಿವಾಹಿತರಿಗೆ, ಕೆಲವೇ ತಿಂಗಳಲ್ಲಿ ವಿವಾಹಿತರಿಗೂ. ಅಲ್ಲಿಯವರೆಗೆ ಸೇರಿದವರೆಲ್ಲ ಸ್ವಯಂಸೇವಕರು. ಅವರನ್ನು ಸೆಳೆಯಲು ಸೇನೆ ಒಂದು ಉಪಾಯ ಮಾಡಿತು. ಒಟ್ಟಿಗೆ ಸೇರಿದವರು ಒಟ್ಟಿಗೇ ಹೋರಾಡಬಹುದು ಎಂಬ ಭರವಸೆ ಕೊಟ್ಟಿತು. ಒಂದೇ ಗಿರಣಿಯ ಕೂಲಿಗಳು, ಒಂದೇ ಕಚೇರಿಯ ಗುಮಾಸ್ತರು, ಒಂದೇ ಕಾಲ್ಚೆಂಡು ತಂಡದ ಆಟಗಾರರು ಸಾಲುಗಟ್ಟಿ ಹೆಸರು ಬರೆಸಿದರು. ಇವುಗಳಿಗೆ ‘ಗೆಳೆಯರ ದಳ’ಗಳೆಂದೇ ಹೆಸರಾಯಿತು.

ಲ್ಯಾಂಕಶೈರ್ ಜಿಲ್ಲೆಯ ಆಕ್ರಿಂಗ್ಟನ್ ಎಂಬ ಗಿರಣಿ ಊರಿನ ದಳ 1916ರ ಜುಲೈ 1ರಂದು, ಸೋಮ್ ಕದನದ ಮೊದಲ ದಿನ, ಫ್ರಾನ್ಸಿನ ಸೆರ್ ಹಳ್ಳಿಯ ಎದುರು ಕಂದಕದಿಂದ ಮೇಲೆದ್ದಿತು. ಮುನ್ನುಗ್ಗಿದ ಸುಮಾರು 700 ಮಂದಿಯಲ್ಲಿ 235 ಮಂದಿ ಸತ್ತರು, 350 ಮಂದಿ ಗಾಯಗೊಂಡರು. ಅರ್ಧ ಗಂಟೆಯೊಳಗೆ ಇಷ್ಟೂ ನಡೆದುಹೋಯಿತು. ಅವರೆಲ್ಲ ಅಕ್ಕಪಕ್ಕದ ಬೀದಿಯವರು. ಊರಿಗೆ ಸುದ್ದಿ ಮುಟ್ಟಿದಾಗ ಮನೆ ಮನೆಯಲ್ಲೂ ಕಿಟಕಿ ಪರದೆ ಇಳಿಯಿತು. ಇಡೀ ಊರಿನ ಗಂಡುಮಕ್ಕಳಿಗೆಲ್ಲ ಒಂದೇ ದಾಳ ಉರುಳಿದ ಹಾಗೆ.

ಇದರ ಇನ್ನೊಂದು ಮುಖವೂ ಉಂಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಐವತ್ತಕ್ಕೂ ಹೆಚ್ಚು ಹಳ್ಳಿಗಳಿಗೆ, ಯುದ್ಧಕ್ಕೆ ಹೋದವರೆಲ್ಲರೂ ಜೀವಂತ ಮರಳಿದರು. ಬರಹಗಾರ ಆರ್ಥರ್ ಮೀ 1930ರ ದಶಕದಲ್ಲಿ ಇವನ್ನು ‘ಕೃತಜ್ಞ ಹಳ್ಳಿಗಳು’ ಎಂದು ಕರೆದರು. ಸಾವಿರಾರು ಹಳ್ಳಿಗಳ ನಾಡಿನಲ್ಲಿ ಇಷ್ಟು ಹಳ್ಳಿಗಳಷ್ಟೇ ಹೀಗೆ ಪಾರಾದವು.

ದಾಳಕ್ಕೆ ಸಿಗದ ಮತ್ತೊಂದು ಸಂಗತಿಯೆಂದರೆ ಕಾಯುವಿಕೆ. ಆಟದಲ್ಲಿ ದಾಳ ನಿಂತ ಕ್ಷಣಕ್ಕೆ ಫಲ ಗೊತ್ತಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಅಧಿಕಾರಿಯ ಮನೆಗೆ ತಂತಿ ಬರುತ್ತಿತ್ತು. ಸಾಮಾನ್ಯ ಸೈನಿಕನ ಮನೆಗೆ ಬರುತ್ತಿದ್ದುದು ಅಂಚೆಯಲ್ಲಿ ಒಂದು ಮುದ್ರಿತ ನಮೂನೆ. ಹೆಸರು, ಸಂಖ್ಯೆ, ದಿನಾಂಕದ ಜಾಗಗಳನ್ನು ಗುಮಾಸ್ತ ಕೈಯಿಂದ ತುಂಬಿರುತ್ತಿದ್ದ. ದೇಹ ಸಿಗದವರ ವಿಷಯದಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ಒಂದೇ ಮಾತು. ಸೋಮ್ ಸೀಮೆಯಲ್ಲಿ ಸತ್ತು, ಗೋರಿಯ ಗುರುತೂ ಇಲ್ಲದೆ ಹೋದ 72 ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳು ತಿಯೆಪ್ವಾಲ್ ಸ್ಮಾರಕದ ಕಲ್ಲುಗಳ ಮೇಲಿವೆ. ಅಷ್ಟು ಮನೆಗಳಲ್ಲಿ ಯಾರಾದರೊಬ್ಬರು ವರ್ಷಗಟ್ಟಲೆ ಬಾಗಿಲ ಕಡೆ ನೋಡಿರಬೇಕು.

ಟೋಪಿಯೊಳಗಿನ ಅಂಕಿ

ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ ಪಾಠ ಕಲಿತಿತ್ತು. ಯುದ್ಧ ಘೋಷಣೆಯಾದ ದಿನವೇ, 1939ರ ಸೆಪ್ಟೆಂಬರ್ 3ರಂದು, 18ರಿಂದ 41 ವಯಸ್ಸಿನ ಗಂಡಸರಿಗೆ ಸೈನಿಕ ಸೇವೆ ಕಡ್ಡಾಯವಾಯಿತು. ಆದರೆ ಎಲ್ಲರನ್ನೂ ರಣರಂಗಕ್ಕೆ ಕಳಿಸಿದರೆ ಬಂದೂಕು ಮಾಡುವವರು ಯಾರು, ರೈಲು ಓಡಿಸುವವರು ಯಾರು? ಅದಕ್ಕಾಗಿ ಕಾಯ್ದಿರಿಸಿದ ಕಸುಬುಗಳ ಪಟ್ಟಿಯೊಂದು ಮೊದಲೇ ತಯಾರಾಗಿತ್ತು. ಪಟ್ಟಿಯಲ್ಲಿದ್ದ ಕಸುಬಿನವರು ಊರಲ್ಲೇ ಉಳಿಯಬೇಕು.

ಯುದ್ಧ ಬೇಡವೆನ್ನುವವರಿಗೂ ಒಂದು ದಾರಿಯಿತ್ತು. ಮನಸ್ಸಾಕ್ಷಿಯ ಕಾರಣದಿಂದ ಬಂದೂಕು ಹಿಡಿಯೆವು ಎಂದು ಸುಮಾರು 60 ಸಾವಿರ ಮಂದಿ ಹೆಸರು ಬರೆಸಿ, ನ್ಯಾಯಮಂಡಳಿಗಳ ಮುಂದೆ ನಿಂತು ಕಾರಣ ಹೇಳಿದರು. ಷರತ್ತಿಲ್ಲದೆ ಬಿಡುಗಡೆ ಸಿಕ್ಕಿದ್ದು ಕೆಲವೇ ಸಾವಿರ ಮಂದಿಗೆ. ಹೆಚ್ಚಿನವರಿಗೆ ಬೇಸಾಯ, ಆಸ್ಪತ್ರೆ, ಕಾಡಿನ ಕೆಲಸ ವಿಧಿಸಲಾಯಿತು. ಆಟದಲ್ಲಿ ದಾಳ ಬೇಡವೆನ್ನಲು ಅವಕಾಶವಿಲ್ಲ. ಇತಿಹಾಸದಲ್ಲಿ ಇತ್ತು, ಬೆಲೆ ತೆರಬೇಕಿತ್ತು.

ಪಟ್ಟಿಗಳಲ್ಲಿ ಒಂದು ಎಡವಟ್ಟು ಮಾತ್ರ ಆಗಿಹೋಗಿತ್ತು. ಯುದ್ಧದ ಆರಂಭದ ವರ್ಷಗಳಲ್ಲಿ ಕಲ್ಲಿದ್ದಲು ಗಣಿಗಳಿಂದ ಸಾವಿರಾರು ಯುವಕರು ಸೇನೆಗೂ, ಹೆಚ್ಚು ಸಂಬಳದ ಕಾರ್ಖಾನೆಗಳಿಗೂ ಹೊರಟುಹೋದರು. 1943ರ ಹೊತ್ತಿಗೆ ಕಲ್ಲಿದ್ದಲಿಗೆ ಕೊರತೆ ಬಿತ್ತು. ಕಲ್ಲಿದ್ದಲಿಲ್ಲದಿದ್ದರೆ ಉಕ್ಕಿಲ್ಲ, ವಿದ್ಯುತ್ತಿಲ್ಲ, ಯುದ್ಧವೂ ಇಲ್ಲ. ಆಗ ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ ತಂದ ಯೋಜನೆ ಆಟಗಾರರ ದಾಳಕ್ಕೆ ತೀರ ಹತ್ತಿರದ್ದು.

ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಒಂದು ಟೋಪಿಗೆ ಹಾಕಲಾಗುತ್ತಿತ್ತು. ಸಚಿವರ ಕಾರ್ಯದರ್ಶಿ ಅದರಿಂದ ಚೀಟಿ ಎತ್ತುತ್ತಿದ್ದರು. ಸೇನೆಗೆ ಕರೆ ಬಂದಿದ್ದ ಯುವಕರಲ್ಲಿ ಯಾರ ನೋಂದಣಿ ಸಂಖ್ಯೆಯ ಕೊನೆಯಲ್ಲಿ ಆ ಅಂಕಿ ಇರುತ್ತದೋ ಅವರು ಸೇನೆಗಲ್ಲ, ಗಣಿಗೆ. ಮೊದಲ ಚೀಟಿ ಎತ್ತಿದ್ದು 1943ರ ಡಿಸೆಂಬರ್ 14ರಂದು. ವಕೀಲನ ಮಗನಾದರೂ ಸರಿ, ಗುಮಾಸ್ತನ ಮಗನಾದರೂ ಸರಿ; ನೌಕಾಪಡೆಗೆ ಸೇರುವ ಕನಸು ಕಂಡವನು ನೆಲದಡಿ ಇಳಿಯಬೇಕಾಯಿತು. ಒಲ್ಲೆನೆಂದರೆ ಜೈಲು. ಹೀಗೆ ಚೀಟಿಯಲ್ಲಿ ಆಯ್ಕೆಯಾದವರೂ, ತಾವಾಗಿ ಗಣಿಯನ್ನು ಆರಿಸಿಕೊಂಡವರೂ ಸೇರಿ ಒಟ್ಟು ಸುಮಾರು 48 ಸಾವಿರ ಯುವಕರು ಕೆಲಸ ಮಾಡಿದರು. ಅವರಿಗೆ ‘ಬೆವಿನ್ ಹುಡುಗರು’ ಎಂದೇ ಹೆಸರು.

ಚೀಟಿ ನಿಷ್ಪಕ್ಷಪಾತವಾಗಿತ್ತು; ಜನ ಹಾಗಿರಲಿಲ್ಲ. ಬೆವಿನ್ ಹುಡುಗರಿಗೆ ಸಮವಸ್ತ್ರವಿಲ್ಲ. ರಸ್ತೆಯಲ್ಲಿ ಪೊಲೀಸರು ತಡೆದು, ಸೇನೆ ಬಿಟ್ಟು ಓಡಿಬಂದವನೇ ಎಂದು ವಿಚಾರಿಸುತ್ತಿದ್ದರು. ಮಕ್ಕಳನ್ನು ರಣರಂಗಕ್ಕೆ ಕಳಿಸಿದ್ದ ನೆರೆಹೊರೆಯವರು ಹೇಡಿಗಳೆಂದು ಮೂದಲಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಪದಕವಿಲ್ಲ, ಹಳೆಯ ಕೆಲಸ ಮರಳಿ ಸಿಗುವ ಹಕ್ಕೂ ಇಲ್ಲ. ಕೊನೆಯವರಿಗೆ ಬಿಡುಗಡೆ ಸಿಕ್ಕಿದ್ದು 1948ರಲ್ಲಿ. ಸರ್ಕಾರ ಅವರಿಗೊಂದು ಗೌರವದ ಬಿಲ್ಲೆ ಕೊಟ್ಟದ್ದು 2008ರಲ್ಲಿ. ಅಷ್ಟರಲ್ಲಿ ಬಹಳ ಮಂದಿ ತೀರಿಹೋಗಿದ್ದರು.

ಅಮೆರಿಕ ಚೀಟಿ ಎತ್ತುವುದನ್ನು ದೊಡ್ಡ ಸಮಾರಂಭವಾಗಿಯೇ ನಡೆಸಿತು. 1940ರ ಅಕ್ಟೋಬರ್ 29ರಂದು ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಸಮ್ಮುಖದಲ್ಲಿ, ಯುದ್ಧ ಸಚಿವ ಹೆನ್ರಿ ಸ್ಟಿಮ್ಸನ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗಾಜಿನ ಬಟ್ಟಲಿಗೆ ಕೈ ಹಾಕಿದರು. ಬಂದ ಸಂಖ್ಯೆ 158. ದೇಶದ ಪ್ರತಿ ಊರಿನ ಭರ್ತಿ ಮಂಡಳಿಯಲ್ಲಿ ಆ ಸಂಖ್ಯೆ ಹೊಂದಿದವನಿಗೆ ಮೊದಲ ಸರದಿ. ಆ ಗಾಜಿನ ಬಟ್ಟಲು 1917ರ ಚೀಟಿಗೂ ಬಳಕೆಯಾದದ್ದೇ.

ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1969ರ ಡಿಸೆಂಬರ್ 1ರಂದು ನಡೆದ ಚೀಟಿ ಎತ್ತುವಿಕೆ ಇನ್ನೊಂದು ಪಾಠ ಕಲಿಸಿತು. ವರ್ಷದ 366 ದಿನಗಳನ್ನು ಗುಳಿಗೆಗಳಲ್ಲಿಟ್ಟು ಎತ್ತಲಾಯಿತು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದವರಿಗೆ ಮೊದಲ ಕರೆ. ಆದರೆ ಸಂಖ್ಯಾಶಾಸ್ತ್ರಜ್ಞರು ಫಲಿತಾಂಶ ಪರಿಶೀಲಿಸಿದಾಗ, ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಮುಂಚಿನ ಸರದಿ ಹೆಚ್ಚಾಗಿ ಬಂದಿರುವುದು ಬೆಳಕಿಗೆ ಬಂತು. ಗುಳಿಗೆಗಳನ್ನು ತಿಂಗಳ ಕ್ರಮದಲ್ಲಿ ಪೆಟ್ಟಿಗೆಗೆ ಹಾಕಿ, ಸರಿಯಾಗಿ ಕಲಕಿರಲಿಲ್ಲ. ಡಿಸೆಂಬರ್‌ನಲ್ಲಿ ಹುಟ್ಟಿದ್ದೇ ಯುವಕನೊಬ್ಬನ ಹಣೆಬರಹವನ್ನು ತಿರುಗಿಸಬಹುದಿತ್ತು. ಮುಂದಿನ ಬಾರಿಗೆ ವಿಧಾನವನ್ನೇ ಬದಲಾಯಿಸಲಾಯಿತು.

ವಾರಕ್ಕೆ ಇಷ್ಟೇ

ಆಟದ ನಿಯಮಗಳಲ್ಲಿ ಎರಡನೆಯ ಭಾಗ ಅಡುಗೆಮನೆಯದು. ಬ್ರಿಟನ್ ತನ್ನ ಆಹಾರದ ಬಹುಪಾಲನ್ನು ಹಡಗುಗಳಲ್ಲಿ ತರಿಸಿಕೊಳ್ಳುತ್ತಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಆ ಹಡಗುಗಳನ್ನು ಮುಳುಗಿಸತೊಡಗಿದವು. 1940ರ ಜನವರಿ 8ರಂದು ಬೆಣ್ಣೆ, ಸಕ್ಕರೆ, ಹಂದಿಮಾಂಸಕ್ಕೆ ಪಡಿತರ ಜಾರಿಯಾಯಿತು. ಮುಂದೆ ಮಾಂಸ, ಟೀ, ಗಿಣ್ಣು, ಸೋಪು, ಮಿಠಾಯಿ ಒಂದೊಂದಾಗಿ ಪಟ್ಟಿ ಸೇರಿದವು.

ಒಬ್ಬರಿಗೆ ವಾರಕ್ಕೆ ಸಿಗುತ್ತಿದ್ದುದು ಸಾಮಾನ್ಯವಾಗಿ ಸಕ್ಕರೆ ಸುಮಾರು 225 ಗ್ರಾಂ, ಬೆಣ್ಣೆ 55 ಗ್ರಾಂ, ಟೀಪುಡಿ 55 ಗ್ರಾಂ, ಮೊಟ್ಟೆ ಒಂದು. ಮೊಟ್ಟೆಯೂ ದಾಸ್ತಾನಿದ್ದರೆ ಮಾತ್ರ. ಮಾಂಸವನ್ನು ತೂಕದಲ್ಲಿ ಅಲ್ಲ, ಬೆಲೆಯಲ್ಲಿ ಅಳೆಯುತ್ತಿದ್ದರು. ಅಗ್ಗದ ತುಂಡು ಕೊಂಡವರಿಗೆ ಹೆಚ್ಚು ಸಿಗುತ್ತಿತ್ತು. ಡಬ್ಬಿಯ ಆಹಾರಕ್ಕೆ 1941ರ ಡಿಸೆಂಬರ್‌ನಿಂದ ಅಂಕಗಳ ಪದ್ಧತಿ ಬಂತು. ತಿಂಗಳಿಗೆ ಇಂತಿಷ್ಟು ಅಂಕ. ಅದರಲ್ಲಿ ಮೀನಿನ ಡಬ್ಬಿ ಕೊಳ್ಳುವಿರೋ, ಹಣ್ಣಿನ ಡಬ್ಬಿ ಕೊಳ್ಳುವಿರೋ ಮನೆಯೊಡತಿಯ ಇಷ್ಟ. ಕೊರತೆಯ ಸಾಮಾನಿಗೆ ಸರ್ಕಾರ ಅಂಕ ಹೆಚ್ಚಿಸುತ್ತಿತ್ತು, ಉಳಿದದ್ದಕ್ಕೆ ತಗ್ಗಿಸುತ್ತಿತ್ತು. ಇದಕ್ಕಿಂತ ಆಟದಂತಿರುವ ನಿಯಮ ಇನ್ನೊಂದು ಸಿಗಲಿಕ್ಕಿಲ್ಲ.

ನಿಯಮದೊಳಗೆ ಕೊಟ್ಟು ತೆಗೆದುಕೊಳ್ಳುವುದೂ ಇತ್ತು. ಮನೆಯಲ್ಲಿ ಕೋಳಿ ಸಾಕುವವರು ಮೊಟ್ಟೆಯ ಪಡಿತರ ಬಿಟ್ಟುಕೊಟ್ಟರೆ ಕೋಳಿಗೆ ಕಾಳು ಸಿಗುತ್ತಿತ್ತು. ಸಸ್ಯಾಹಾರಿಗಳು ಮಾಂಸದ ಪಾಲು ಬಿಟ್ಟುಕೊಟ್ಟು ಹೆಚ್ಚುವರಿ ಗಿಣ್ಣು ಪಡೆಯಬಹುದಿತ್ತು. ಆಲೂಗಡ್ಡೆ, ತರಕಾರಿಗೆ ಪಡಿತರವಿರಲಿಲ್ಲ. ಹೂದೋಟಗಳೆಲ್ಲ ಕಾಯಿಪಲ್ಯದ ಪಾತಿಗಳಾದವು. ಬಸುರಿಯರಿಗೂ ಎಳೆಯ ಮಕ್ಕಳಿಗೂ ಹಸಿರು ಬಣ್ಣದ ಪ್ರತ್ಯೇಕ ಪುಸ್ತಕ. ಅದರಲ್ಲಿ ಹಾಲಿಗೆ, ಮೊಟ್ಟೆಗೆ ಮೊದಲ ಹಕ್ಕು. ಯುದ್ಧದ ನಡುವೆಯೂ ಬ್ರಿಟನ್ನಿನಲ್ಲಿ ಶಿಶುಮರಣ ಇಳಿಯಿತು. ಕಡುಬಡವರ ಮನೆಯ ಮಕ್ಕಳಿಗೆ ದಿನವೂ ಹಾಲು ಸಿಕ್ಕಿದ್ದು ಆಗಲೇ.

1941ರ ಜೂನ್ 1ರಂದು ಬಟ್ಟೆಗೂ ಪಡಿತರ ಬಂತು. ವರ್ಷಕ್ಕೆ 66 ಕೂಪನ್. ಗಂಡಸಿನ ಒಂದು ಸೂಟಿಗೇ 26 ಕೂಪನ್ ಹೋಗುತ್ತಿತ್ತು.

ಎಲ್ಲವೂ ಸಮಪಾಲಾಗಿತ್ತೇ? ಇಲ್ಲ. ಬೀರು ತುಂಬ ಬಟ್ಟೆಯಿದ್ದವರಿಗೂ, ಮೈಮೇಲಿನದ್ದಷ್ಟೇ ಇದ್ದವರಿಗೂ ಕೂಪನ್ ಮಾತ್ರ ಅಷ್ಟೇ. ಹೋಟೆಲಿನ ಊಟಕ್ಕೆ ಕೂಪನ್ ಬೇಕಿರಲಿಲ್ಲ. ಹಣವಿದ್ದವರು ಅಲ್ಲಿ ತಿನ್ನುತ್ತಿದ್ದರು. ಜನ ಗೊಣಗಿದ ಮೇಲೆ 1942ರಲ್ಲಿ ಒಂದು ಊಟಕ್ಕೆ ಐದು ಷಿಲ್ಲಿಂಗ್ ಮಿತಿ ಬಂತು. ಕಾಳಸಂತೆಯಂತೂ ಇದ್ದೇ ಇತ್ತು. ಆದರೂ ಅರಮನೆಯಿಂದ ಗುಡಿಸಲಿನವರೆಗೆ ಎಲ್ಲರಿಗೂ ಪುಸ್ತಕ ಇತ್ತೆಂಬುದು ದೊಡ್ಡ ಮಾತು. 1942ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್ವೆಲ್ಟ್ ಬಕಿಂಗ್‌ಹ್ಯಾಂ ಅರಮನೆಯಲ್ಲಿ ಉಳಿದಾಗ, ಸ್ನಾನದ ತೊಟ್ಟಿಯಲ್ಲಿ ಐದು ಅಂಗುಲದ ಎತ್ತರಕ್ಕೆ ಗೆರೆ ಎಳೆದಿತ್ತು. ಬಿಸಿನೀರು ಅದನ್ನು ಮೀರಬಾರದು. ಜನ ಹಸಿವನ್ನು ಸಹಿಸಿದ್ದು ಪಕ್ಕದ ಮನೆಯಲ್ಲೂ ಅಷ್ಟೇ ಹಸಿವಿದೆ ಎಂಬ ನಂಬಿಕೆಯಿಂದ.

ಪಡಿತರ ಯುದ್ಧದೊಂದಿಗೆ ಮುಗಿಯಲಿಲ್ಲ. ಯುದ್ಧಕಾಲದಲ್ಲಿ ಎಂದೂ ಪಡಿತರಕ್ಕೆ ಬಾರದ ಬ್ರೆಡ್, ಶಾಂತಿ ಬಂದ ಮೇಲೆ, 1946ರಿಂದ 1948ರವರೆಗೆ ಚೀಟಿಯಲ್ಲಿ ಸಿಕ್ಕಿತು. ಮಾಂಸದ ಪಡಿತರ ರದ್ದಾದದ್ದು 1954ರ ಜುಲೈಯಲ್ಲಿ. 1945ಕ್ಕೇ ನಿಯಮ ಸಡಿಲಿಸುವ ಆಟಗಾರರು ಇನ್ನೂ ಒಂಬತ್ತು ವರ್ಷ ಕಾಯಬೇಕು.

ಹೆಂಗಸರ ಸರದಿ

1941ರ ಡಿಸೆಂಬರ್‌ನಲ್ಲಿ ಬ್ರಿಟನ್ ಹೆಂಗಸರಿಗೂ ಕಡ್ಡಾಯ ಸೇವೆ ವಿಧಿಸಿತು. 20ರಿಂದ 30 ವಯಸ್ಸಿನ ಅವಿವಾಹಿತೆಯರು, ಮಕ್ಕಳಿಲ್ಲದ ವಿಧವೆಯರು ಸೇನೆಯ ಸಹಾಯಕ ದಳ, ನಾಗರಿಕ ರಕ್ಷಣೆ ಅಥವಾ ಕಾರ್ಖಾನೆ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಪ್ಪಿಗೆಯಿಲ್ಲದೆ ಅವರ ಕೈಗೆ ಆಯುಧ ಕೊಡುವಂತಿರಲಿಲ್ಲ. ವಿಮಾನ ಕಾರ್ಖಾನೆ, ಹೊಲ, ಬಸ್ಸು, ಎಲ್ಲೆಡೆ ಅವರು ಕಂಡರು.

ಮನೆಯ ಕೋಣೆಗಳಿಗೂ ಸರ್ಕಾರ ಲೆಕ್ಕ ಹಾಕಿತು. ಬಾಂಬ್ ದಾಳಿಯ ಭಯಕ್ಕೆ 1939ರ ಸೆಪ್ಟೆಂಬರ್‌ನ ಮೊದಲ ದಿನಗಳಲ್ಲಿ ನಗರಗಳಿಂದ ಸುಮಾರು 15 ಲಕ್ಷ ಮಂದಿಯನ್ನು, ಅವರಲ್ಲಿ ಬಹುಪಾಲು ಮಕ್ಕಳನ್ನು, ಹಳ್ಳಿಗಳಿಗೆ ಸಾಗಿಸಲಾಯಿತು. ವಾಸಯೋಗ್ಯ ಕೋಣೆಯೊಂದಕ್ಕೆ ಒಬ್ಬರು ಎಂಬುದು ಅಳತೆ. ಜಾಗವಿದ್ದವರು ಮಕ್ಕಳನ್ನು ಇರಿಸಿಕೊಳ್ಳಲೇಬೇಕು. ಮೊದಲ ಮಗುವಿಗೆ ವಾರಕ್ಕೆ ಹತ್ತೂವರೆ ಷಿಲ್ಲಿಂಗ್ ಭತ್ಯೆ. ಯಾರದೋ ಮಗು ಯಾರದೋ ಮನೆಯಲ್ಲಿ ಬೆಳೆಯಿತು. ಕೆಲವರಿಗೆ ಪ್ರೀತಿ ಸಿಕ್ಕಿತು, ಕೆಲವರು ದುಡಿಮೆಯ ಆಳಾದರು.

ಯುದ್ಧ ಮುಗಿದ ಮೇಲೆ ಹೆಂಗಸರು ಮತ್ತೆ ಅಡುಗೆಮನೆಗೆ ಹೋಗಬೇಕೆಂಬುದು ಆಟಗಾರರು ಸಾಮಾನ್ಯವಾಗಿ ಬರೆದುಕೊಳ್ಳುವ ನಿಯಮ. ಅದು ಅರ್ಧ ನಿಜ. ಕಾರ್ಖಾನೆಗಳಿಂದ ಬಹಳ ಮಂದಿ ಹೊರಬಿದ್ದರು. ಆದರೆ ಮದುವೆಯಾದೊಡನೆ ಶಿಕ್ಷಕಿ ಕೆಲಸ ಬಿಡಬೇಕೆಂಬ ಕಟ್ಟಳೆ 1944ರಲ್ಲಿ, ಸರ್ಕಾರಿ ಕಚೇರಿಗಳಲ್ಲಿದ್ದ ಅಂಥದೇ ಕಟ್ಟಳೆ 1946ರಲ್ಲಿ ಕೊನೆಗೊಂಡವು. ತೆರೆದ ಬಾಗಿಲು ಪೂರ್ತಿ ಮುಚ್ಚಲಿಲ್ಲ.

ಪಟ್ಟಿಯ ಹೊರಗೆ

ಇಲ್ಲಿಯವರೆಗೆ ಹೇಳಿದ್ದು ಇಂಗ್ಲೆಂಡಿನ ಮನೆಯ ಕಥೆ. ಅದೇ ಯುದ್ಧದಲ್ಲಿ, ಅದೇ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದ ಬಂಗಾಳದ ಹಳ್ಳಿಯಲ್ಲಿ ಒಂದು ಮನೆ ಹೂಡಿದರೆ ನಿಯಮಗಳು ಏನಾಗುತ್ತವೆ?

ಭಾರತೀಯರಿಗೆ ಕಡ್ಡಾಯ ಸೈನಿಕ ಸೇವೆ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೇನೆ ಬೆಳೆದು 25 ಲಕ್ಷ ಮುಟ್ಟಿತು. ಅವರೆಲ್ಲ ತಾವಾಗಿ ಹೆಸರು ಬರೆಸಿದವರು. ಹಾಗಾಗಿ ಬಂಗಾಳದ ಆ ಮನೆಯ ಮಗನಿಗೆ ದಾಳವಿಲ್ಲ. ಆದರೆ ಪಡಿತರ ಪುಸ್ತಕವೂ ಇಲ್ಲ.

1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿಗಳ ವಶವಾಯಿತು. ಬರ್ಮಾ ಅಕ್ಕಿ ನಿಂತಿತು. ಜಪಾನಿಗಳ ಕೈಗೆ ಸಿಗಬಾರದೆಂದು ಬಂಗಾಳದ ಕರಾವಳಿ ಜಿಲ್ಲೆಗಳ ದೋಣಿಗಳನ್ನೂ ಹೆಚ್ಚುವರಿ ಅಕ್ಕಿಯನ್ನೂ ಸರ್ಕಾರವೇ ತೆಗೆಸಿತು. ಅದೇ ಅಕ್ಟೋಬರ್‌ನಲ್ಲಿ ಮೇದಿನೀಪುರದ ಕಡೆ ಭೀಕರ ಚಂಡಮಾರುತ ಬೀಸಿತು. ಅಕ್ಕಿಯ ಬೆಲೆ ಏರುತ್ತ ಹೋಯಿತು. ಕಲ್ಕತ್ತೆಯಲ್ಲಿ ಯುದ್ಧಕ್ಕೆ ಅಗತ್ಯವೆನಿಸಿದ ಕಾರ್ಖಾನೆ, ಕಚೇರಿಗಳ ನೌಕರರಿಗೆ ಅಗ್ಗದ ಅಕ್ಕಿಯ ವ್ಯವಸ್ಥೆಯಿತ್ತು. ಹಳ್ಳಿಯ ಕೂಲಿಗಾರ, ಬೆಸ್ತ, ಕುಶಲಕರ್ಮಿಗಳ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. 1943ರಲ್ಲಿ ಅವರು ನಡೆದುಕೊಂಡು ಕಲ್ಕತ್ತೆಗೆ ಬಂದು ಅದರ ಬೀದಿಗಳಲ್ಲಿ ಸತ್ತರು. ವಿಚಾರಣಾ ಆಯೋಗ 1945ರಲ್ಲಿ ಸತ್ತವರ ಸಂಖ್ಯೆ 15 ಲಕ್ಷ ಎಂದಿತು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅದು 30 ಲಕ್ಷದ ಹತ್ತಿರ ಎಂದು ಲೆಕ್ಕ ಹಾಕಿದ್ದಾರೆ. ಬ್ರಿಟನ್ನಿನ ಸೈನಿಕರಲ್ಲಿ ಆರು ವರ್ಷಗಳ ಯುದ್ಧದಲ್ಲಿ ಸತ್ತವರಿಗಿಂತ ಇದು ಹಲವು ಪಟ್ಟು ಹೆಚ್ಚು. ಇವರಲ್ಲಿ ಯಾರೂ ರಣರಂಗ ಕಂಡವರಲ್ಲ.

ಪಡಿತರ ಭಾರತಕ್ಕೆ ಬಂದದ್ದು ಈ ಹೊತ್ತಿನಲ್ಲೇ. 1943ರಲ್ಲಿ ಬೊಂಬಾಯಿಯಲ್ಲಿ, 1944ರ ಆರಂಭದಲ್ಲಿ ಕಲ್ಕತ್ತೆಯಲ್ಲಿ ಜಾರಿಯಾಯಿತು. ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆಲ್ಲ ಪಡಿತರ ಬೇಕೆಂದು 1943ರಲ್ಲಿ ಗ್ರೆಗರಿ ಸಮಿತಿ ಶಿಫಾರಸು ಮಾಡಿತು. ಯುದ್ಧಕಾಲದ ಅಧಿಕಾರಗಳು 1946ರ ತಾತ್ಕಾಲಿಕ ಕಾಯ್ದೆಯಾಗಿ, ಮುಂದೆ 1955ರ ಅಗತ್ಯ ವಸ್ತುಗಳ ಕಾಯ್ದೆಯಾಗಿ ಮುಂದುವರಿದವು. ಇಂದು ಕರ್ನಾಟಕದ ಹಳ್ಳಿಯ ನ್ಯಾಯಬೆಲೆ ಅಂಗಡಿಯ ಮುಂದೆ ಅಕ್ಕಿಗಾಗಿ ನಿಲ್ಲುವ ಸಾಲಿಗೂ, 1940ರ ದಶಕದ ಆ ಯುದ್ಧಕ್ಕೂ ಹೀಗೊಂದು ನಂಟಿದೆ. ಚೀಟಿಯಲ್ಲಿ ಹೆಸರು ಬಿಟ್ಟುಹೋದರೆ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯುವುದು ಏಕೆಂಬುದಕ್ಕೂ ಆ ಇತಿಹಾಸದಲ್ಲಿ ಉತ್ತರವಿದೆ.

ಆಟಗಾರರು ದಾಳ ಉರುಳಿಸುವುದು ಇತಿಹಾಸಕ್ಕೆ ಅಪಚಾರವಲ್ಲ. ಯುದ್ಧದಲ್ಲಿ ಒಬ್ಬನ ಶೌರ್ಯಕ್ಕಿಂತ, ಒಳ್ಳೆಯತನಕ್ಕಿಂತ ಆಕಸ್ಮಿಕವೇ ದೊಡ್ಡದೆಂಬುದನ್ನು ಆ ದಾಳ ಕಲಿಸುತ್ತದೆ. ಬೆವಿನ್ ಟೋಪಿಯೂ ಸ್ಟಿಮ್ಸನ್ ಬಟ್ಟಲೂ ಹೇಳಿದ್ದು ಅದನ್ನೇ. ಆದರೆ ನಿಯಮಗಳ ಕಾಗದದಲ್ಲಿ ಒಂದು ಸಾಲು ಸೇರಿಸಬೇಕಾಗುತ್ತದೆ. ದಾಳ ಉರುಳಿಸುವ ಮೊದಲು, ಈ ಮನೆ ಯಾವ ಊರಿನಲ್ಲಿದೆ, ಇದರ ಹೆಸರು ಪಡಿತರದ ಪಟ್ಟಿಯಲ್ಲಿದೆಯೇ ಎಂದು ಕೇಳಿಕೊಳ್ಳಬೇಕು. 1943ರಲ್ಲಿ ಆಕ್ರಿಂಗ್ಟನ್‌ನ ಒಂದು ಮಗುವಿಗೂ ಮೇದಿನೀಪುರದ ಒಂದು ಮಗುವಿಗೂ ಇದ್ದ ವ್ಯತ್ಯಾಸ ಅದೃಷ್ಟದ್ದಲ್ಲ. ಒಂದರ ಹೆಸರಿನಲ್ಲಿ ಹಸಿರು ಪುಸ್ತಕವಿತ್ತು, ಇನ್ನೊಂದರ ಹೆಸರಿನಲ್ಲಿ ಏನೂ ಇರಲಿಲ್ಲ.